ಬಾಟಲಿ ಖಾಲಿ, ನೆಲದಲ್ಲಿ ಒಂದು ತೊಟ್ಟೂ ಇಲ್ಲ: ಬೋಟಿನ ಗೇರ್ ಆಯಿಲ್ ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮದು 20 ಅಡಿಯ ಫೈಬರ್ ಬೋಟ್. ಹಿಂದೆ ಮರ್ಕ್ರೂಸರ್ ಆಲ್ಫಾ ಒನ್ ಸ್ಟರ್ನ್‌ಡ್ರೈವ್ (ಪ್ರೊಪೆಲ್ಲರ್ ತಿರುಗಿಸುವ ಗೇರಿನ ಕಾಲು) ಇದೆ, ಎರಡನೇ ಜನರೇಷನ್. ಕುಂದಾಪುರದ ಅತ್ತೆಮನೆಯ ಹತ್ತಿರ ಪಂಚಗಂಗಾವಳಿ ಹೊಳೆಯಲ್ಲಿ ಓಡಿಸುತ್ತೇವೆ. ಮಳೆಗಾಲಕ್ಕೆ ಟ್ರೈಲರ್ ಮೇಲೆ ಹಾಕಿ ಯಲಹಂಕದ ಮನೆಗೆ ತಂದು ನಿಲ್ಲಿಸುತ್ತೇವೆ. ಈ ಸಲ ಮೂರು ಬಾರಿ ನೀರಿಗಿಳಿಸಿದೆವು. ಮೂರು ಬಾರಿಯೂ ಎಂಜಿನ್ ಪಕ್ಕದ ಗೇರ್ ಆಯಿಲ್ ಬಾಟಲಿ ಎರಡು ಮೂರು ಬೆರಳು ಇಳಿದಿತ್ತು. ಒಟ್ಟು ಮುಕ್ಕಾಲು ಲೀಟರ್ ಸುರಿದಿದ್ದೇನೆ. ನೀರಿನ ಮೇಲೆ ಎಣ್ಣೆ ಕಾಣಲಿಲ್ಲ. ಮನೆಗೆ ತಂದ ಮೇಲೆ ಮೂರು ವಾರದಿಂದ ಬಾಟಲಿ ಹಾಗೇ ಇದೆ, ನೆಲದಲ್ಲಿ ತೊಟ್ಟೂ ಇಲ್ಲ. ಆಯಿಲ್ ಬೆಳ್ಳಗಾಗಿಲ್ಲ. ನಡುವೆ ಒಬ್ಬ ಮೆಕ್ಯಾನಿಕ್ ಪ್ರೊಪೆಲ್ಲರ್ ಶಾಫ್ಟಿನ ಸೀಲ್ (ಆಯಿಲ್ ತಡೆಯುವ ರಬ್ಬರ್ ಉಂಗುರ) ಬದಲಿಸಿದರು, ಆದರೂ ಇಳಿಯಿತು. ಈಗ ಹೊಸ ಡ್ರೈವ್ ತರಿಸಿ ಅನ್ನುತ್ತಿದ್ದಾರೆ. ಅಂದಹಾಗೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಹಿಂದೆ ಗರಗರ ಸದ್ದು ಬರುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಹೊಸ ಡ್ರೈವ್ ತರಿಸಬೇಡಿ. ಎಲ್ಲಿ ಸೋರುತ್ತಿದೆ ಎಂದು ನೋಡದೆ ಇಡೀ ಡ್ರೈವ್ ಬದಲಿಸಿ ಎನ್ನುವುದು, ನಲ್ಲಿ ಸೋರಿತು ಅಂತ ಮನೆ ಕೆಡವಿದ ಹಾಗೆ. ಇದು ಸಮಾಧಾನದ ಮಾತು. ಇನ್ನೊಂದು ಅಷ್ಟು ಸಮಾಧಾನದ್ದಲ್ಲ: ಡ್ರೈವ್ ಬಿಚ್ಚಿ ಬೆಲ್ಲೋಸ್ ಎಂಬ ರಬ್ಬರ್ ಚೀಲದ ಒಳಗೆ ನೋಡುವ ತನಕ ಆ ಬೋಟನ್ನು ನೀರಿಗೆ ಇಳಿಸಬೇಡಿ. ಒಂದು ಸುತ್ತು ಸಹ ಬೇಡ. ನೀವು "ಅಂದಹಾಗೆ" ಅಂತ ಕೊನೆಯಲ್ಲಿ ಸೇರಿಸಿದ ಆ ಗರಗರ ಸದ್ದಿನ ಸಾಲು ಇದೆಯಲ್ಲ, ನನ್ನ ಪ್ರಕಾರ ಉತ್ತರದ ಮುಕ್ಕಾಲು ಭಾಗ ಅದರಲ್ಲೇ ಇದೆ.

ಯಾಕೆ ಎಂದು ಹೇಳುವ ಮೊದಲು ಈ ಡ್ರೈವಿನ ಹೊಟ್ಟೆಯೊಳಗೆ ಏನಿದೆ ಅಂತ ಸ್ವಲ್ಪ ನೋಡೋಣ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಂಜಿನ್ ಬೋಟಿನ ಒಳಗೆ, ಪ್ರೊಪೆಲ್ಲರ್ ಹೊರಗೆ ಒಂದು ಕಾಲಿನ ತುದಿಯಲ್ಲಿ, ಆ ಕಾಲು ಎಡಕ್ಕೆ ಬಲಕ್ಕೆ ತಿರುಗಬೇಕು, ಮೇಲಕ್ಕೂ ಏಳಬೇಕು. ಈ ಏರ್ಪಾಡನ್ನು 1959ರಲ್ಲಿ ವೋಲ್ವೋ ಪೆಂಟಾದವರು ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು, ಹಿಂದೆಯೇ ಮರ್ಕ್ರೂಸರ್ ಬಂತು. ಇವತ್ತಿಗೂ ಮೂಲ ಐಡಿಯಾ ಅದೇ. ಎಂಜಿನ್ನಿನ ಶಕ್ತಿ ಬೋಟಿನ ಹಿಂಗೋಡೆ ದಾಟಿ ಹೊರಗೆ ಬರುವ ಜಾಗದಲ್ಲಿ ಯೂನಿವರ್ಸಲ್ ಜಾಯಿಂಟ್ ಇದೆ. ನಮ್ಮ ಲಾರಿ ಮೆಕ್ಯಾನಿಕ್‌ಗಳು ಕ್ರಾಸ್ ಅನ್ನುತ್ತಾರಲ್ಲ, ಅದೇ ಜಾತಿ. ಲಾರಿಯಲ್ಲಿ ಅದು ಗಾಳಿಯಲ್ಲಿ ತಿರುಗುತ್ತದೆ. ಇಲ್ಲಿ ನೀರಿನ ಮಟ್ಟದ ಹತ್ತಿರ ತಿರುಗಬೇಕು. ಹಾಗಾಗಿ ಅದರ ಸುತ್ತ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಚೀಲ. ಅದೇ ಬೆಲ್ಲೋಸ್. ಅದರ ಒಳಗೆ ಒಣಗಿರಬೇಕು. ನೀರೂ ಇರಬಾರದು, ಆಯಿಲೂ ಇರಬಾರದು, ಕ್ರಾಸಿನ ಗ್ರೀಸ್ ಅಲ್ಲಿ ಇಲ್ಲಿ ಸ್ವಲ್ಪ ಸಿಡಿದಿದ್ದರೆ ಪರವಾಗಿಲ್ಲ.

ಈಗ ಆಯಿಲ್ ವಿಷಯ. ಡ್ರೈವಿನ ಮೇಲಿನ ಭಾಗ, ಕೆಳಗಿನ ಭಾಗ, ಬಾಟಲಿ, ಎಲ್ಲ ಸೇರಿ ನಿಮ್ಮದಕ್ಕೆ ಹೆಚ್ಚುಕಡಿಮೆ 2 ಲೀಟರ್ ಹಿಡಿಯುತ್ತದೆ. ಅದರಲ್ಲಿ ಮುಕ್ಕಾಲು ಲೀಟರ್ ಹೋಗಿದೆ ಎಂದರೆ ಸಣ್ಣ ವಿಷಯವಲ್ಲ.

ಆ ಬಾಟಲಿ ಬರೀ ಮಟ್ಟ ತೋರಿಸಲು ಇಟ್ಟದ್ದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದಕ್ಕೆ ಇನ್ನೊಂದು ಕೆಲಸವಿದೆ. ಲೆಕ್ಕ ನೋಡಿ. ಪ್ರೊಪೆಲ್ಲರ್ ಶಾಫ್ಟ್ ನೀರಿನ ಮಟ್ಟದಿಂದ 60 ಸೆಂಟಿಮೀಟರ್ ಕೆಳಗಿದೆ ಅಂತಿಟ್ಟುಕೊಳ್ಳಿ. ಬಾಟಲಿ ನೀರಿನ ಮಟ್ಟಕ್ಕಿಂತ ಒಂದು 40 ಸೆಂಟಿಮೀಟರ್ ಮೇಲಿದೆ. ಅಂದರೆ ಸೀಲಿನ ಒಳಗಡೆಯಿಂದ 1 ಮೀಟರ್ ಎತ್ತರದ ಆಯಿಲ್ ಕಂಬ ಒತ್ತುತ್ತಿದೆ, ಹೊರಗಡೆಯಿಂದ 60 ಸೆಂಟಿಮೀಟರ್ ನೀರು. ಆಯಿಲ್ ನೀರಿಗಿಂತ ಹಗುರ, ಆದರೂ ಆ 1 ಮೀಟರ್ ಆಯಿಲ್ ಸುಮಾರು 90 ಸೆಂಟಿಮೀಟರ್ ನೀರಿಗೆ ಸಮ. ಒಳಗಿನ ಒತ್ತಡವೇ ಜಾಸ್ತಿ. ಹಾಗಾಗಿ ಸೀಲ್ ಹೋದರೆ ಮೊದಲು ಆಯಿಲ್ ಹೊರಗೆ ಹೋಗುತ್ತದೆ, ಬಾಟಲಿ ಖಾಲಿಯಾದ ಮೇಲೆ ನೀರು ಒಳಗೆ ಬರುತ್ತದೆ. ನೀವು ಪ್ರತಿ ಸಲ ತುಂಬಿಸುತ್ತಾ ಬಂದಿದ್ದೀರಿ. ಆಯಿಲ್ ಬೆಳ್ಳಗಾಗದಿರಲು ಅದೇ ಕಾರಣ ಇರಬಹುದು. ಬಣ್ಣ ಸರಿಯಿದೆ ಅಂದ ಮಾತ್ರಕ್ಕೆ ಸೀಲ್ ಸರಿಯಿದೆ ಅಂತಲ್ಲ.

ಆದರೂ ಕೆಳಗಿನ ಡ್ರೈನ್ ಸ್ಕ್ರೂ ಒಂದು ಸಲ ಸಡಿಲಿಸಿ ನೋಡಿ. ಡ್ರೈವ್ ಪೂರ್ತಿ ಕೆಳಗಿಳಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ಒಂದು ಸ್ಟೀಲ್ ಲೋಟ ಹಿಡಿದು ಸ್ಕ್ರೂವನ್ನು ಬರೀ ಎರಡು ಸುತ್ತು ತಿರುಗಿಸಿ. ನೀರು ಭಾರ, ತಳದಲ್ಲಿ ಕೂತಿರುತ್ತದೆ. ಮೊದಲ ನಾಲ್ಕು ಹನಿ ತಿಳಿಯಾಗಿ ಬಂದರೆ ಅದು ನೀರು. ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದಲ್ಲಿ ಬಂದರೆ ನೀರು ಸೇರಿ ಗೇರುಗಳ ನಡುವೆ ಕಡೆದು ಹೋಗಿದೆ. ಸ್ಕ್ರೂ ತುದಿಗೆ ಅಯಸ್ಕಾಂತ ಇದ್ದರೆ ಅದನ್ನೂ ಬೆರಳಲ್ಲಿ ಉಜ್ಜಿ ನೋಡಿ. ಕಾಡಿಗೆಯಂಥ ನುಣ್ಣನೆಯ ಕಪ್ಪು ಮಾಮೂಲು. ಉಗುರಿಗೆ ಸಿಗುವಂಥ ಚೂರು ಸಿಕ್ಕಿದರೆ ಕತೆ ಬೇರೆ, ಸೋರಿಕೆ ಬಿಟ್ಟು ಮೊದಲು ಗೇರ್ ನೋಡಬೇಕಾಗುತ್ತದೆ. ಸ್ಕ್ರೂ ಮತ್ತೆ ಹಾಕುವಾಗ ಅದರ ವಾಷರ್ ಹೊಸದು ಹಾಕಿ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹಳೇ ವಾಷರ್ ಹಾಕಿ ಆಮೇಲೆ ವಾರಗಟ್ಟಲೆ ಸೋರಿಕೆ ಹುಡುಕಿದವರನ್ನು ನೋಡಿದ್ದೇನೆ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಮೂರು ವಾರದಿಂದ ಬಾಟಲಿ ಇಳಿದಿಲ್ಲ ಅಂದಿರಿ. ಈ ಮೂರು ವಾರ ಡ್ರೈವ್ ಮೇಲಿತ್ತಾ, ಕೆಳಗಿತ್ತಾ? ಶಿರಾಡಿ ಘಾಟಿ ಹತ್ತಿಸಿಕೊಂಡು ಬರುವಾಗ ಮೇಲಕ್ಕೆ ಎತ್ತಿ ಕಟ್ಟಿರುತ್ತೀರಿ, ಮನೆಗೆ ಬಂದ ಮೇಲೆ ಹಾಗೇ ಬಿಟ್ಟಿರುತ್ತೀರಿ, ಎಲ್ಲರೂ ಮಾಡುವುದು ಅದನ್ನೇ. ಡ್ರೈವ್ ಮೇಲೆದ್ದಾಗ ಪ್ರೊಪೆಲ್ಲರ್ ಶಾಫ್ಟೂ ಮೇಲೇರಿತು, ಅದರ ಮೇಲಿನ ಆಯಿಲ್ ಕಂಬ ಗಿಡ್ಡವಾಯಿತು, ಸೋರುವ ಸೀಲ್ ಕೂಡ ಸುಮ್ನೆ ಇರುತ್ತದೆ. ಆದ್ದರಿಂದ ಇವತ್ತೇ ಡ್ರೈವ್ ಪೂರ್ತಿ ಇಳಿಸಿ. ಬಾಟಲಿಯ ಮೇಲೆ ಒಂದು ಪಟ್ಟಿ ಟೇಪ್ ಅಂಟಿಸಿ, ಪೆನ್ನಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಒಂದು ವಾರ ಬಿಟ್ಟು ನೋಡಿ. ನೋಡುವುದು ಬೆಳಿಗ್ಗೆ ತಣ್ಣಗಿರುವಾಗಲೇ ಆಗಬೇಕು, ಯಾಕೆಂದರೆ ಬಿಸಿಗೆ ಆಯಿಲ್ ಹಿಗ್ಗಿ ಬಾಟಲಿ ಮಟ್ಟ ಏರುತ್ತದೆ, ಮಧ್ಯಾಹ್ನ ಒಂದು ಸಲ ರಾತ್ರಿ ಒಂದು ಸಲ ನೋಡಿದರೆ ತಲೆ ಕೆಡುತ್ತದೆ ಅಷ್ಟೆ.

ಒಂದು ವಾರದಲ್ಲಿ ಇಳಿದರೆ, ನಿಂತಲ್ಲೇ ಸೋರುತ್ತಿದೆ. ಓ-ರಿಂಗ್, ವಾಷರ್, ಪೈಪು, ಇಲ್ಲವೇ ತೀರ ಕೆಟ್ಟ ಸೀಲ್. ಇಳಿಯದಿದ್ದರೆ, ಓಡುವಾಗ ಮಾತ್ರ ಸೋರುತ್ತದೆ. ಅಂದರೆ ಹೆಚ್ಚಾಗಿ ತಿರುಗುವ ಶಾಫ್ಟಿನ ಮೇಲೆ ಕೂತ ಸೀಲಿನ ತುಟಿ. ಹೊರಗೆ ಚಾಚಿಕೊಂಡು ತಿರುಗುವ ಶಾಫ್ಟ್‌ಗಳು ಎರಡೇ. ಕೆಳಗೆ ಪ್ರೊಪೆಲ್ಲರ್ ಶಾಫ್ಟ್, ಮೇಲೆ ಕ್ರಾಸ್ ಕೂಡುವ ಇನ್‌ಪುಟ್ ಶಾಫ್ಟ್. ಮಧ್ಯದಲ್ಲಿ ಕೆಳಗಿನ ಭಾಗದ ತಲೆಯ ಮೇಲೆ, ನೀರಿನ ಪಂಪಿನ ಅಡಿಯಲ್ಲಿ, ಉದ್ದ ಶಾಫ್ಟಿಗೂ ಸೀಲ್ ಇದೆ, ಪಕ್ಕದಲ್ಲಿ ಗೇರ್ ಹಾಕುವ ಕಡ್ಡಿಗೂ ಒಂದು. ಅವು ಸೋರಿದರೆ ಮೇಲಿನ ಭಾಗ ಮತ್ತು ಕೆಳಗಿನ ಭಾಗ ಕೂಡುವ ಸಂದಿಯಲ್ಲಿ ಎಣ್ಣೆ ಜಿನುಗುತ್ತದೆ. ಅಲ್ಲಿ ಆಯಿಲ್ ಮೇಲೆ ಕೆಳಗೆ ಹೋಗುವ ತೂತಿಗೆ ಒಂದು ಓ-ರಿಂಗ್ ಕೂಡ ಇದೆ, ಅದು ಹಳತಾದರೂ ಇದೇ ಲಕ್ಷಣ.

ಹೊರಗಿನ ಸೋರಿಕೆ ಹಿಡಿಯಲು ದುಬಾರಿ ಸಾಮಾನು ಬೇಡ. ಮನೆಯಲ್ಲಿರುವ ಟಾಲ್ಕಂ ಪೌಡರ್ ಸಾಕು. ಪ್ರೊಪೆಲ್ಲರ್ ಬಿಚ್ಚಿ. ಶಾಫ್ಟಿನ ಸುತ್ತ, ಆ ಸಂದಿ, ಸ್ಕ್ರೂಗಳು, ಮೇಲಿನ ಮುಚ್ಚಳ, ಎಲ್ಲವನ್ನೂ ಬ್ರೇಕ್ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಪೌಡರ್ ಉದುರಿಸಿ. ಬೆಳಿಗ್ಗೆ ಬಿಳಿ ಪುಡಿಯ ಮೇಲೆ ಒದ್ದೆಯ ಗೆರೆ ಎದ್ದು ಕಾಣುತ್ತದೆ. ಗೆರೆಯ ಮೇಲಿನ ತುದಿ ನೋಡಿ, ಕೆಳಗಿನ ತುದಿ ನೋಡಬೇಡಿ. ಎಣ್ಣೆ ಹರಿದು ಬಂದು ಎಲ್ಲೋ ತೊಟ್ಟಿಕ್ಕುತ್ತದೆ, ಹುಟ್ಟಿದ ಜಾಗ ಮೇಲಿರುತ್ತದೆ.

ಕಂಡ ಎಣ್ಣೆಯೆಲ್ಲ ಗೇರ್ ಆಯಿಲ್ ಅಲ್ಲ ಅನ್ನುವುದೂ ನೆನಪಿರಲಿ. ನಿಮ್ಮ ಬೋಟಿನ ಹೊಗೆ ಪ್ರೊಪೆಲ್ಲರ್ ನಡುವಿನಿಂದಲೇ ಹೊರಗೆ ಹೋಗುತ್ತದೆ, ಅದರ ಮಸಿ ನೀರು ಸೇರಿ ಕಪ್ಪಗೆ ಜಿಡ್ಡಾಗಿ ಕೂತಿರುತ್ತದೆ. ಶಾಫ್ಟಿಗೆ ಹಚ್ಚಿದ ಗ್ರೀಸ್ ಬಿಸಿಗೆ ಕರಗುತ್ತದೆ. ಡ್ರೈವ್ ಎತ್ತುವ ಎರಡು ಹೈಡ್ರಾಲಿಕ್ ಸಿಲಿಂಡರ್‌ಗಳೂ ಸೋರಬಹುದು. ಮೂಗಿನ ಹತ್ತಿರ ತನ್ನಿ. ಗೇರ್ ಆಯಿಲಿಗೆ ಗಂಧಕದ ವಾಸನೆ ಇರುತ್ತದೆ, ಕೊಳೆತ ಮೊಟ್ಟೆಯ ದೂರದ ನೆಂಟ. ಒಂದು ಸಲ ಮೂಸಿದವರು ಮರೆಯುವುದಿಲ್ಲ.

ನಿಮ್ಮ ಮೆಕ್ಯಾನಿಕ್ ಮೊದಲು ಪ್ರೊಪೆಲ್ಲರ್ ಸೀಲಿಗೆ ಕೈ ಹಾಕಿದ್ದು ತಪ್ಪು ಅನ್ನಲಾರೆ. ಹತ್ತರಲ್ಲಿ ಆರೇಳು ಸಲ ಅದೇ ಇರುತ್ತದೆ. ಅದರಲ್ಲೂ ನಮ್ಮ ಕರಾವಳಿ ಹೊಳೆಗಳಲ್ಲಿ ಗಾಳದ ನೈಲಾನ್ ದಾರ, ಹರಿದ ಬಲೆಯ ಚೂರು ಪ್ರೊಪೆಲ್ಲರಿಗೆ ಸುತ್ತಿಕೊಂಡು ಹಿಂದಕ್ಕೆ ಸರಿದು ಸೀಲಿನ ಬಾಯಿಗೆ ಹೋಗಿ ಕೂರುತ್ತದೆ, ಶಾಫ್ಟ್ ತಿರುಗಿದ ಹಾಗೆ ಬ್ಲೇಡಿನಂತೆ ಕುಯ್ಯುತ್ತದೆ. ಪ್ರತಿ ಐದಾರು ಓಟಕ್ಕೊಮ್ಮೆ ಪ್ರೊಪೆಲ್ಲರ್ ಬಿಚ್ಚಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಆದರೆ ಸೀಲ್ ಬದಲಿಸಿದ ರೀತಿಯ ಬಗ್ಗೆ ಎರಡು ಪ್ರಶ್ನೆ ಕೇಳಿ. ಅಲ್ಲಿ ಎರಡು ಸೀಲ್ ಇರುತ್ತವೆ, ಬೆನ್ನಿಗೆ ಬೆನ್ನು ಕೊಟ್ಟು. ಒಳಗಿನದರ ತುಟಿ ಒಳಗೆ ನೋಡುತ್ತದೆ, ಆಯಿಲ್ ಹಿಡಿಯಲು. ಹೊರಗಿನದರ ತುಟಿ ಹೊರಗೆ, ನೀರು ತಡೆಯಲು. ಎರಡನ್ನೂ ಒಂದೇ ದಿಕ್ಕಿಗೆ ಕೂರಿಸಿದ ಮಹಾನುಭಾವರು ಇದ್ದಾರೆ. ಎರಡನೇ ಪ್ರಶ್ನೆ, ಶಾಫ್ಟಿನ ಮೇಲೆ ಹಳೇ ಸೀಲ್ ಕೂತ ಜಾಗದಲ್ಲಿ ಉಗುರು ಓಡಿಸಿ ನೋಡಿದರಾ? ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಅಷ್ಟೇ. ಅದಕ್ಕೆ ತೆಳು ಸ್ಟೀಲ್ ತೋಳು ಏರಿಸಬೇಕು, ಇಲ್ಲವೇ ಶಾಫ್ಟ್ ಬದಲಿಸಬೇಕು.

ಇನ್ನೊಂದು ಸಾಧ್ಯತೆ ಇದೆ. ಸೀಲ್ ಬದಲಿಸಿದ ಮೇಲೆ ಆಯಿಲ್ ಹೇಗೆ ತುಂಬಿದರು? ಕೆಳಗಿನ ತೂತಿನಿಂದ ಪಂಪಿನಲ್ಲಿ ಏರಿಸಿ ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಬರುವ ತನಕ ತುಂಬಬೇಕು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒಂದೆರಡು ಓಟದಲ್ಲಿ ಆ ಗಾಳಿ ಮೇಲೆ ಬಂದು ಬಾಟಲಿ ಇಳಿಯುತ್ತದೆ, ಸೋರಿಕೆಯೇ ಇಲ್ಲದೆ. ಸೀಲ್ ಬದಲಿಸಿದ ಮೇಲಿನ ಇಳಿತಕ್ಕೆ ಇದೂ ಸ್ವಲ್ಪ ಕಾರಣ ಇರಬಹುದು. ಅದಕ್ಕೂ ಮೊದಲಿನ ಇಳಿತಕ್ಕೆ ಇದು ಉತ್ತರವಲ್ಲ.

ಇಲ್ಲಿ ನನ್ನದೇ ಒಂದು ಮರ್ಯಾದೆ ಹೋದ ಕತೆ ಹೇಳಬೇಕು. ಬಹಳ ವರ್ಷದ ಹಿಂದೆ ಹಿನ್ನೀರಿನ ಪಕ್ಕದ ಒಂದು ರೆಸಾರ್ಟಿನ ಬೋಟ್ ಇದೇ ದೂರಿನ ಮೇಲೆ ನನ್ನ ಹತ್ತಿರ ಬಂತು. ಬಾಟಲಿ ಇಳಿಯುತ್ತದೆ, ಎಲ್ಲೂ ಎಣ್ಣೆ ಕಾಣುವುದಿಲ್ಲ. ನಾನು ಪ್ರೊಪೆಲ್ಲರ್ ಸೀಲ್ ಹಾಕಿದೆ. ಮತ್ತೆ ಬಂತು. ಸೀಲೇ ಡೂಪ್ಲಿಕೇಟ್ ಇರಬೇಕು ಅಂತ ಇನ್ನೊಂದು ಜೊತೆ ಹಾಕಿದೆ. ಮೂರನೇ ಸಲ ಮಾಲೀಕರು ಬೋಟ್ ಜೊತೆ ತಾವೂ ಬಂದರು, ಏನು ಅಂದರು ಅಂತ ಇಲ್ಲಿ ಬರೆಯಲಾಗದು. ಅವರು ಹೋದ ಮೇಲೆ ನನ್ನ ಹುಡುಗ ಎಂಜಿನ್ ಅಡಿಯಲ್ಲಿ ಬಿದ್ದ ಒಂದು ಸ್ಪ್ಯಾನರ್ ತೆಗೆಯಲು ಕೈ ಹಾಕಿದ, ಕೈ ಮೊಣಕೈವರೆಗೆ ಎಣ್ಣೆಯಾಗಿ ಬಂತು. ಬಾಟಲಿಯ ತಳದ ಪೈಪು ಕ್ಲ್ಯಾಂಪ್ ಹತ್ತಿರ ಸೀಳಿತ್ತು. ಎಂಜಿನ್ ಅಲುಗಿದಾಗ ಮಾತ್ರ ಸೀಳು ಬಾಯಿ ಬಿಡುತ್ತಿತ್ತು, ಎಣ್ಣೆ ಬೋಟಿನ ತಳಕ್ಕೆ ಇಳಿಯುತ್ತಿತ್ತು, ತಳದ ಪಂಪು ಅದನ್ನು ನೀರಿನ ಜೊತೆ ಹೊರಗೆ ಎಸೆಯುತ್ತಿತ್ತು. ನಾನು ಎರಡು ಸಲ ಬಿಚ್ಚಿ ಕಟ್ಟಿದ್ದು ಮೂರಡಿ ದೂರದ ಸೀಲನ್ನು.

ಹಾಗಾಗಿ ನೀವು ಮೊದಲು ಒಂದು ಟಾರ್ಚ್ ಹಿಡಿದು ಬೋಟಿನ ಒಳಗೇ ಬಗ್ಗಿ. ಬಾಟಲಿಯಿಂದ ಹಿಂಗೋಡೆಯವರೆಗೆ ಆ ಪೈಪನ್ನು ಬೆರಳಲ್ಲಿ ತಡವುತ್ತಾ ಹೋಗಿ. ಆಮೇಲೆ ಹೊರಗೆ ಬಂದು, ಹಿಂಗೋಡೆಗೂ ಡ್ರೈವಿಗೂ ನಡುವೆ ಅದೇ ಪೈಪಿನ ಇನ್ನೊಂದು ತುಂಡು ಇದೆ, ಅದನ್ನೂ ನೋಡಿ. ಸ್ಟಿಯರಿಂಗ್ ಆ ಕೊನೆಯಿಂದ ಈ ಕೊನೆಗೆ ತಿರುಗಿಸುತ್ತಾ ನೋಡಿ, ಬಗ್ಗುವ ಜಾಗದಲ್ಲೇ ರಬ್ಬರ್ ಬಿರುಕು ಬಿಡುವುದು. ಉಪ್ಪು ನೀರಿನ ಬೋಟುಗಳಲ್ಲಿ ಪೈಪ್ ಕೂರುವ ಫಿಟ್ಟಿಂಗ್ ಕೂಡ ತಿಂದುಹೋಗಿರುತ್ತದೆ.

ಅಲ್ಲೇ ಬಗ್ಗಿರುವಾಗ ಇನ್ನೊಂದು ನೋಡಿ. ಎಂಜಿನ್ ಹಿಂಭಾಗ, ಶಾಫ್ಟ್ ಹಿಂಗೋಡೆಯೊಳಗೆ ಹೋಗುವ ಜಾಗದ ಸುತ್ತ. ಅಲ್ಲಿ ಆ ಶಾಫ್ಟನ್ನು ಹೊರುವ ಗಿಂಬಲ್ ಬೇರಿಂಗ್ ಇದೆ. ಅದರ ಮುಂದೆ ಎಣ್ಣೆ ಸಿಡಿದು ಉಂಗುರದ ಹಾಗೆ ಕಲೆ ಆಗಿದೆಯಾ? ಆಗಿದ್ದರೆ ನಿಮ್ಮ ಮುಕ್ಕಾಲು ಲೀಟರ್ ಸಿಕ್ಕಿತು ಅಂತಲೇ ಲೆಕ್ಕ. ಇನ್‌ಪುಟ್ ಶಾಫ್ಟಿನ ಸೀಲ್ ಸೋರಿದರೆ ಆಯಿಲ್ ಹೊರಗೆ ಬರುವುದೇ ಇಲ್ಲ, ಬೆಲ್ಲೋಸ್ ಎಂಬ ಆ ರಬ್ಬರ್ ಚೀಲದೊಳಗೆ ಬೀಳುತ್ತದೆ. ನೀರಿನ ಮೇಲೆ ಎಣ್ಣೆ ಕಾಣುವುದಿಲ್ಲ, ನೆಲದಲ್ಲಿ ತೊಟ್ಟು ಬೀಳುವುದಿಲ್ಲ, ಓಡಿಸಿದಾಗ ಮಾತ್ರ ಇಳಿಯುತ್ತದೆ. ನಿಮ್ಮ ಪತ್ರದ ಮೂರು ಲಕ್ಷಣವೂ ಇದೇ. ಚೀಲದಲ್ಲಿ ಸಾಕಷ್ಟು ತುಂಬಿದ ಮೇಲೆ ಕ್ರಾಸ್ ಅದನ್ನು ಕಡೆದು ಬೇರಿಂಗ್ ಮೂಲಕ ಎಂಜಿನ್ ಕಡೆಗೆ ಎರಚುತ್ತದೆ.

ಈಗ ಗರಗರ ಸದ್ದಿಗೆ ಬರೋಣ. ನೇರ ಹೋಗುವಾಗ ಕ್ರಾಸ್ ಹೆಚ್ಚು ಬಗ್ಗುವುದಿಲ್ಲ. ಪೂರ್ತಿ ತಿರುಗಿಸಿದಾಗ ಜಾಸ್ತಿ ಬಗ್ಗುತ್ತದೆ. ಆಗ ಮಾತ್ರ ಸದ್ದು ಬಂದರೆ ಒಂದೋ ಕ್ರಾಸ್ ಹೋಗಿದೆ, ಇಲ್ಲವೇ ಗಿಂಬಲ್ ಬೇರಿಂಗ್ ಹೋಗಿದೆ. ಅವು ಯಾಕೆ ಹೋಗುತ್ತವೆ? ಗ್ರೀಸ್ ಇಲ್ಲದೆ ಹೋಗಬಹುದು. ಚೀಲಕ್ಕೆ ಬಿದ್ದ ಗೇರ್ ಆಯಿಲ್ ಗ್ರೀಸನ್ನು ತೊಳೆದು ಹಾಕಿ ಹೋಗಬಹುದು. ನನಗೆ ಭಯ ಇರುವುದು ಮೂರನೆಯದರ ಬಗ್ಗೆ: ಬೆಲ್ಲೋಸ್ ಎಲ್ಲೋ ಮಡಿಕೆಯಲ್ಲಿ ಸೀಳಿದೆ, ಪಂಚಗಂಗಾವಳಿಯ ಉಪ್ಪು ನೀರು ಒಳಗೆ ಹೋಗಿದೆ, ಬೇರಿಂಗಿಗೆ ತುಕ್ಕು ಹಿಡಿದಿದೆ, ಶಾಫ್ಟಿನ ಮೇಲೆ ಸೀಲ್ ಕೂರುವ ಜಾಗಕ್ಕೂ ತುಕ್ಕು ಹಿಡಿದಿದೆ, ಆ ತುಕ್ಕು ಮರಳು ಕಾಗದದ ಹಾಗೆ ಸೀಲಿನ ತುಟಿ ತಿಂದಿದೆ. ಹಾಗಿದ್ದರೆ ಆಯಿಲ್ ಸೋರಿಕೆ ಕೊನೆಯ ಲಕ್ಷಣ, ರೋಗ ಬೆಲ್ಲೋಸಿನದು. ಆ ರಬ್ಬರ್ ಚೀಲ ಪೂರ್ತಿ ಹರಿದರೆ ನೀರು ಬೇರಿಂಗ್ ದಾಟಿ ಸೀದಾ ಬೋಟಿನ ಒಳಗೆ ಬರುತ್ತದೆ. ಕಟ್ಟಿ ಹಾಕಿದ ಬೋಟ್ ರಾತ್ರೋರಾತ್ರಿ ಮುಳುಗುವುದು ಹೀಗೇ. ಅದಕ್ಕೇ ಮೊದಲೇ ಹೇಳಿದ್ದು, ನೋಡುವ ತನಕ ಇಳಿಸಬೇಡಿ ಅಂತ.

ನೋಡಲು ಡ್ರೈವ್ ಬಿಚ್ಚಲೇಬೇಕು. ಕಷ್ಟವಿಲ್ಲ, ಆದರೆ ಇಬ್ಬರು ಗಟ್ಟಿಮುಟ್ಟಾದವರು ಬೇಕು, ಅಡಿಗೆ ಜಾಕ್ ಬೇಕು. ಆಯಿಲ್ ಇಳಿಸಿ. ಆಲ್ಫಾದಲ್ಲಿ ಗೇರನ್ನು ಫಾರ್ವರ್ಡ್‌ಗೆ ಹಾಕಿಯೇ ಬಿಚ್ಚಬೇಕು, ನ್ಯೂಟ್ರಲ್‌ನಲ್ಲಿ ಎಳೆಯಬೇಡಿ. ಹೈಡ್ರಾಲಿಕ್ ಸಿಲಿಂಡರ್‌ಗಳ ಹಿಂತುದಿ ಬಿಡಿಸಿ, ಸುತ್ತಲಿನ ಆರು ನಟ್ ತೆಗೆದು, ನೇರವಾಗಿ ಹಿಂದಕ್ಕೆ ಎಳೆಯಿರಿ. ಬರಲಿಲ್ಲ ಅಂತ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಸುತ್ತಿಗೆಯಲ್ಲಿ ಹೊಡೆಯಬೇಡಿ, ಅಲ್ಯುಮಿನಿಯಂ ಮುಖಕ್ಕೆ ಕಚ್ಚು ಬಿದ್ದರೆ ಹೊಸ ಸೋರಿಕೆ ನೀವೇ ಮಾಡಿದ ಹಾಗೆ. ಹೊರಗೆ ಬಂದ ಕೂಡಲೇ ಒರೆಸಲು ಹೋಗಬೇಡಿ. ಮೊದಲು ಚೀಲದೊಳಗೆ ಟಾರ್ಚ್ ಬಿಟ್ಟು ನೋಡಿ, ಫೋಟೊ ತೆಗೆಯಿರಿ. ತಳದಲ್ಲಿ ತಿಳಿ ಎಣ್ಣೆ ನಿಂತಿದ್ದರೆ ಬರೀ ಸೀಲ್. ಎಣ್ಣೆ ನೀರು ಸೇರಿ ಕೆಂಪು ಕೆಸರಿನಂತಿದ್ದರೆ ನಾನು ಹೆದರಿದ್ದು ನಿಜ. ಮಡಿಕೆ ಒಂದೊಂದಾಗಿ ಹಿಗ್ಗಿಸಿ ಒಳಮೂಲೆ ನೋಡಿ, ಹೊರಗಿನಿಂದ ಚೆನ್ನಾಗಿ ಕಾಣುವ ಬೆಲ್ಲೋಸ್ ಒಳಮೂಲೆಯಲ್ಲಿ ಸೀಳಿರುತ್ತದೆ. ಗಿಂಬಲ್ ಬೇರಿಂಗಿನೊಳಗೆ ಎರಡು ಬೆರಳು ಹಾಕಿ ತಿರುಗಿಸಿ. ಬೆಣ್ಣೆಯ ಹಾಗೆ ತಿರುಗಬೇಕು. ಮರಳು ಸಿಕ್ಕಿದಂತೆ ಕರಕರ ಅಂದರೆ ಅದನ್ನು ತೆಗೆದು ಎಸೆಯಿರಿ.

ಡ್ರೈವ್ ನೆಲಕ್ಕಿಳಿದ ಮೇಲೆ ಊಹೆ ನಿಲ್ಲಿಸಿ ಗಾಳಿ ಹಾಕಿ ನೋಡಬೇಕು. ಪ್ರೆಷರ್ ಟೆಸ್ಟ್. ಆಯಿಲ್ ಖಾಲಿ ಇರುವಾಗ, ಬಾಟಲಿ ಪೈಪಿನ ತೂತು ಮುಚ್ಚಿ, ಡ್ರೈನ್ ಸ್ಕ್ರೂ ಜಾಗಕ್ಕೆ ಅದೇ ಥ್ರೆಡ್ಡಿನ ಒಂದು ಅಡಾಪ್ಟರ್ ಕೂರಿಸಿ, ಸಣ್ಣ ಗೇಜ್ ಇರುವ ಸೈಕಲ್ ಪಂಪಿನಲ್ಲಿ ಗಾಳಿ ಹಾಕಿ. ಮೊದಲು 3ರಿಂದ 5 ಪಿಎಸ್‌ಐ. ಕಡಿಮೆ ಒತ್ತಡದಲ್ಲೇ ಕೆಲವು ಸೀಲ್ ಸೋರುತ್ತವೆ, ಜಾಸ್ತಿ ಮಾಡಿದರೆ ತುಟಿ ಬಿಗಿಯಾಗಿ ಕೂತು ಸೋರಿಕೆ ನಿಂತೇ ಹೋಗುತ್ತದೆ, ಅದಕ್ಕೆ ಈ ಹಂತ ಬಿಡಬಾರದು. ಆಮೇಲೆ 10, 12ಕ್ಕೆ ಏರಿಸಿ, ನಿಮ್ಮ ಮಾಡೆಲ್‌ನ ಮ್ಯಾನುವಲ್‌ನಲ್ಲಿ ಕೊಟ್ಟ ಮಿತಿ ದಾಟಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರಕ್ಕೂ ತರಬೇಡಿ, ಒಂದು ಕ್ಷಣದಲ್ಲಿ ಒಳ್ಳೆಯ ಸೀಲೂ ಹಾರಿಹೋಗುತ್ತದೆ. ಆದರೆ ಪಂಕ್ಚರ್ ಅಂಗಡಿಯ ಸೋಪು ನೀರು ಬೇಕು. ಎಲ್ಲ ಸಂದಿಗೂ ಹಚ್ಚಿ. ಹಚ್ಚಿ ಸುಮ್ನೆ ಕೂರಬೇಡಿ, ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಅಲುಗಿಸಿ, ಗೇರ್ ಕಡ್ಡಿ ಆಡಿಸಿ. ನಿಮ್ಮದು ತಿರುಗುವಾಗ ಸೋರುವ ಜಾತಿ ಎಂದಾದರೆ, ಒಂದು ಸುತ್ತಿನ ಯಾವುದೋ ಒಂದು ಜಾಗದಲ್ಲಿ ಮಾತ್ರ ಸಣ್ಣ ಗುಳ್ಳೆ ಪುಸ್ ಅಂತ ಏಳುತ್ತದೆ. ಅದನ್ನು ಕಾಯಬೇಕು. ನೆರಳಲ್ಲಿ ಮಾಡಿ, ಬಿಸಿಲು ಬಿದ್ದರೆ ಒಳಗಿನ ಗಾಳಿ ಹಿಗ್ಗಿ ಗೇಜ್ ಸುಳ್ಳು ಹೇಳುತ್ತದೆ.

ಒತ್ತಡದಲ್ಲಿ ಪಾಸಾದರೂ ನಿರ್ವಾತದ ಟೆಸ್ಟ್ ಬಿಡಬೇಡಿ. ಕೈಯಿಂದ ಎಳೆಯುವ ವ್ಯಾಕ್ಯೂಮ್ ಪಂಪ್ ಸಾಕು, ಕಾರ್ ಬ್ರೇಕ್ ಕೆಲಸದವರ ಹತ್ತಿರ ಇರುತ್ತದೆ. ಸೀಲಿನ ಸುತ್ತ ಒಂದು ಚಮಚ ಆಯಿಲ್ ಹಾಕಿ ಎಳೆಯಿರಿ. ಆಯಿಲ್ ಒಳಗೆ ಸೇದಿಕೊಂಡು ಹೋದರೆ ಅಲ್ಲೇ ತೂತು. ನೀರು ಒಳಗೆ ಬರುವ ದಾರಿ ಗೊತ್ತಾಗುವುದು ಇದರಲ್ಲಿ.

ಸಾಮಾನಿನ ಬಗ್ಗೆ. ಜೆ.ಸಿ. ರಸ್ತೆಯಲ್ಲಿ ಅಳತೆ ಕೊಟ್ಟರೆ ಯಾವ ಆಯಿಲ್ ಸೀಲ್ ಬೇಕಾದರೂ ಸಿಗುತ್ತದೆ, ಬೆಲೆಯೂ ಕಡಿಮೆ. ಇನ್‌ಪುಟ್ ಸೀಲ್, ಪ್ರೊಪೆಲ್ಲರ್ ಸೀಲ್ ಎರಡಕ್ಕೂ ನಾನು ಅದನ್ನು ಹಾಕುವುದಿಲ್ಲ. ಕಾರಣ ತುಟಿಯ ಹಿಂದಿನ ಸ್ಪ್ರಿಂಗ್. ಲಾರಿ ಸೀಲಿನಲ್ಲಿ ಅದು ಮಾಮೂಲಿ ಉಕ್ಕು, ಉಪ್ಪು ನೀರಿಗೆ ಒಂದು ಸೀಸನ್ನಿನಲ್ಲಿ ಪುಡಿಯಾಗುತ್ತದೆ. ಬೋಟಿನದರಲ್ಲಿ ಸ್ಟೇನ್‌ಲೆಸ್ ಇರುತ್ತದೆ. ಬೆಲ್ಲೋಸ್ ಕೂಡ ಕಂಪನಿಯದೇ ಇರಲಿ. ಸ್ಟೀಲ್ ತೋಳು ಕೂರಿಸುವ ಲೇತ್ ಕೆಲಸವಿದ್ದರೆ ಪೀಣ್ಯದಲ್ಲಿ ಚೆನ್ನಾಗಿಯೇ ಮಾಡಿಕೊಡುತ್ತಾರೆ, ಅದಕ್ಕೆ ಹೊರಗೆ ಹೋಗಬೇಕಿಲ್ಲ.

ಇನ್‌ಪುಟ್ ಸೀಲ್ ಬದಲಿಸುವವರಿಗೆ ಎರಡು ಮಾತು ಹೇಳಿ. ಸೀಲ್ ತೆಗೆಯಲು ಬಿಚ್ಚುವ ದೊಡ್ಡ ನಟ್ ಮತ್ತೆ ಕಟ್ಟುವಾಗ ಒಳಗಿನ ಬೇರಿಂಗಿನ ಬಿಗುಪಿಗೂ ಗಮನ ಕೊಡಬೇಕು, ಮ್ಯಾನುವಲ್ ನೋಡಿಯೇ ಮಾಡಬೇಕು, ಅಂದಾಜಿನಲ್ಲಿ ಪಾನ ಎಳೆದರೆ ಗೇರೇ ಹೋಗುತ್ತದೆ. ಡ್ರೈವ್ ಹೊರಗಿರುವಾಗಲೇ ಎಂಜಿನ್ ಅಲೈನ್‌ಮೆಂಟ್ ನೋಡಬೇಕು. ಅದಕ್ಕೊಂದು ಉದ್ದ ಕಬ್ಬಿಣದ ಕಂಬಿ ಬರುತ್ತದೆ, ಬೇರಿಂಗ್ ಮೂಲಕ ಎಂಜಿನ್ನಿನ ಕಪ್ಲರಿಗೆ ತೂರಿಸುವುದು. ಎರಡು ಬೆರಳಿನ ಬಲಕ್ಕೆ ಜಾರಿ ಹೋಗಬೇಕು. ಹೋಗದಿದ್ದರೆ ಎಂಜಿನ್ ಮುಂದಿನ ಮೌಂಟ್ ಏರಿಸಿ ಇಳಿಸಿ ಸರಿ ಮಾಡಬೇಕು. ಇದು ಬಿಟ್ಟರೆ ಹೊಸ ಬೇರಿಂಗ್, ಹೊಸ ಸೀಲ್ ಎರಡೂ ಮುಂದಿನ ವರ್ಷ ಮತ್ತೆ ನಿಮ್ಮ ಮುಂದೆ ಕೂತಿರುತ್ತವೆ.

ಎಲ್ಲ ಕಟ್ಟಿದ ಮೇಲೆ ಮನೆಯಲ್ಲೇ ಓಡಿಸಿ ನೋಡಬಹುದು. ಆದರೆ ನಿಮ್ಮ ನೀರಿನ ಪಂಪಿನ ರಬ್ಬರ್ ಚಕ್ರ ಡ್ರೈವಿನೊಳಗೇ ಇದೆ, ನೀರಿಲ್ಲದೆ ಅರ್ಧ ನಿಮಿಷ ಓಡಿದರೂ ಸುಟ್ಟು ಹೋಗುತ್ತದೆ. ನೀರೆಳೆಯುವ ಜಾಲರಿಗೆ ಎರಡೂ ಕಡೆ ಕಿವಿ ಮುಚ್ಚಿದ ಹಾಗೆ ಮಫ್ ಹಾಕಿ, ಪೈಪ್ ಕೊಟ್ಟು, ನೀರು ಬಿಟ್ಟ ಮೇಲೆಯೇ ಎಂಜಿನ್ ಶುರು ಮಾಡಿ. ಪ್ರೊಪೆಲ್ಲರ್ ಬಿಚ್ಚಿಟ್ಟಿರಿ, ಹಿಂದೆ ಮಕ್ಕಳು ಯಾರೂ ಇರಬಾರದು. ಬೋರ್‌ವೆಲ್ ನೀರನ್ನೇ ಬಳಸಿ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು, ಬೋಟ್ ಓಡಿಸಿದರೆ ಎಷ್ಟು ಹೇಳುತ್ತಾರೋ.

ಬೆಂಗಳೂರಿನಲ್ಲಿ ಮಾಡಲಾಗದ ಟೆಸ್ಟ್ ಒಂದೇ, ಭಾರ ಹೊತ್ತು ಓಡುವುದು. ಅದು ಕುಂದಾಪುರದಲ್ಲೇ ಆಗಬೇಕು. ಮೊದಲ ದಿನ ದಡದ ಹತ್ತಿರ ಅರ್ಧ ಗಂಟೆ ಓಡಿಸಿ, ಎರಡೂ ಕಡೆ ಪೂರ್ತಿ ತಿರುಗಿಸಿ ಸದ್ದು ಕೇಳಿ, ಟ್ರೈಲರಿಗೆ ಎತ್ತಿ, ಮರುದಿನ ಬೆಳಿಗ್ಗೆ ಟೇಪಿನ ಗೆರೆ ನೋಡಿ. ಮೊದಲ ಸಲ ಅರ್ಧ ಬೆರಳು ಇಳಿದರೆ ಗಾಬರಿ ಬೇಡ, ಉಳಿದ ಗಾಳಿ ಹೊರಬಂದಿರುತ್ತದೆ, ತುಂಬಿಸಿ ಹೊಸ ಗೆರೆ ಎಳೆಯಿರಿ. ಎರಡನೇ ಸಲವೂ ಇಳಿದರೆ ಬೋಟನ್ನು ಅಲ್ಲೇ ಅತ್ತೆಮನೆ ಅಂಗಳದಲ್ಲಿ ನಿಲ್ಲಿಸಿ, ಬೆಲ್ಲೋಸಿನ ಫೋಟೊ ಜೊತೆ ನನಗೆ ಬರೆಯಿರಿ.